ಬೆಂಗಳೂರಿನಿಂದ ಹರೂರಿಗೆ

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ, ಸಾಹಿತ್ಯ ವಿಮರ್ಶೆಯ ಭಾರವನ್ನು ನಮ್ಮ ಹೆಗಲ ಮೇಲೆ ಹೊರಿಸಬಾರದೆಂದು ಮೊದಲೇ ವಿನಂತಿಸಿಕೊಂಡೆವು. ನಾವು ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಚರಿತ್ರೆಯನ್ನೂ ಬೋಧಿಸಿ, ಕಡೆಯ ಒಂಬತ್ತು ವರ್ಷ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕುಳಿತು, 2010ರಲ್ಲಿ ನಿವೃತ್ತರಾದವರು. ‘ಹಾಗಾದರೆ ಬೆಂಗಳೂರನ್ನು ಬಿಟ್ಟು ಹರೂರಿಗೆ ಬಂದುದೇಕೆ, ಅದನ್ನೇ ಬರೆಯಿರಿ’ ಎಂದರು. ಈ ಪ್ರಶ್ನೆಯನ್ನು ಕಳೆದ ಹತ್ತು ವರ್ಷಗಳಲ್ಲಿ ಎರಡು ಕಡೆಯವರೂ ನಮ್ಮನ್ನು ಕೇಳಿದ್ದಾರೆ. ಬೆಂಗಳೂರಿನವರು ಕನಿಕರದಿಂದ ಕೇಳಿದರೆ, ಹರೂರಿನವರು ಸಂಶಯದಿಂದ ಕೇಳುತ್ತಾರೆ. ಪಿಂಚಣಿ ಬರುವ ಮೇಷ್ಟರು ರಾಜಧಾನಿಯನ್ನು ಬಿಟ್ಟು ಇಲ್ಲಿಗೆ ಬಂದು ನೆಲೆಸಬೇಕಾದರೆ ಅಲ್ಲೇನೋ ನಡೆದಿರಬೇಕು ಎಂಬುದು ಅವರ ಎಣಿಕೆ.

ನಡೆದದ್ದು ಇಷ್ಟೆ. ಹನುಮಂತನಗರದಲ್ಲಿ ಮೂವತ್ತೊಂದು ವರ್ಷ ನಾವು ಬಾಡಿಗೆಗಿದ್ದ ಮನೆಯನ್ನು ಅದರ ಮಾಲೀಕರ ಮಕ್ಕಳು ಕೆಡವಿ ಅಪಾರ್ಟ್‌ಮೆಂಟು ಕಟ್ಟಿಸಲು ನಿಶ್ಚಯಿಸಿದರು. ಮೂರು ತಿಂಗಳ ಗಡುವು ಕೊಟ್ಟರು. ಆಸುಪಾಸಿನಲ್ಲಿ ವಿಚಾರಿಸಿದಾಗ ಸಿಕ್ಕ ಮನೆಗಳ ಬಾಡಿಗೆ ನಮ್ಮ ಪಿಂಚಣಿಯ ಅರ್ಧವನ್ನು ಮೀರುತ್ತಿತ್ತು. ಮಗನು ವೈಟ್‌ಫೀಲ್ಡಿನ ತನ್ನ ಮನೆಗೆ ಕರೆದನು. ಅದು ಹನ್ನೊಂದನೆಯ ಅಂತಸ್ತು. ಅಲ್ಲಿ ಎರಡು ವಾರ ಇದ್ದು ನೋಡಿದೆವು. ಮಗನೂ ಸೊಸೆಯೂ ಅಕ್ಕರೆಯಿಂದಲೇ ನೋಡಿಕೊಂಡರು. ಆದರೆ ಬೆಳಗ್ಗೆ ಅವರು ಹೊರಟ ಮೇಲೆ ರಾತ್ರಿಯವರೆಗೆ ಮಾತಿಗೆ ಸಿಗುವವನು ಲಿಫ್ಟಿನ ಕಾವಲುಗಾರನೊಬ್ಬನೇ, ಅವನಾದರೋ ಅಸ್ಸಾಮಿನವನು. ಇದೇ ಸಮಯಕ್ಕೆ ಹರೂರಿನಿಂದ ನಮ್ಮ ಮನೆಯವರ ಅಕ್ಕನವರ ಫೋನು ಬಂದಿತು. ವಿಧವೆ, ಮಕ್ಕಳಿಲ್ಲ, ತವರಿನ ಹಳೆಯ ಹಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ಬೀದಿಗೆಲ್ಲ ಅವರು ದೊಡ್ಡಮ್ಮ. ‘ಇಷ್ಟು ದೊಡ್ಡ ಮನೆ ಗುಡಿಸಿ ಗುಡಿಸಿ ಸಾಕಾಯ್ತು, ಬಂದು ಇರ್ರಿ’ ಎಂದರು. ನಮ್ಮ ಮನೆಯವರು ನಮ್ಮ ಮುಖವನ್ನೂ ನೋಡದೆ ‘ಬರ್ತೀವಿ’ ಎಂದುಬಿಟ್ಟರು. 2014ರ ಜೂನ್ ತಿಂಗಳಲ್ಲಿ ಹದಿನೇಳು ಪೆಟ್ಟಿಗೆ ಪುಸ್ತಕಗಳೊಡನೆ ನಾವು ಗಡಿ ದಾಟಿದೆವು.

ಓದುಗರಲ್ಲಿ ಅನೇಕರು ಈ ಸೀಮೆಯವರೇ ಆದುದರಿಂದ ಹರೂರನ್ನು ವರ್ಣಿಸುವ ಅಗತ್ಯವಿಲ್ಲ. ದೂರದಿಂದ ಬರುವ ಅತಿಥಿಗಳಿಗಾಗಿ ಎರಡು ಮಾತು. ಇದು ಧರ್ಮಪುರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಸೇಲಂ ಜಿಲ್ಲೆಗೆ ಸೇರಿತ್ತು. ಒಂದು ಬದಿಗೆ ಚಿತ್ತೇರಿ ಬೆಟ್ಟಗಳು, ಇನ್ನೊಂದು ಬದಿಗೆ ತೀರ್ಥಮಲೆ. ಹೊಲಗಳಲ್ಲಿ ಮರಗೆಣಸು, ಕಬ್ಬು, ಸಾಮೆ, ದಾರಿಯುದ್ದಕ್ಕೂ ಹುಣಿಸೆ. ರೈಲು ಹತ್ತಬೇಕಾದರೆ ಮೊರಪ್ಪೂರಿಗೆ ಹೋಗಬೇಕು. ಬೆಂಗಳೂರಿಗಿಂತ ಬಹಳ ತಗ್ಗಿನ ಪ್ರದೇಶವಾದ್ದರಿಂದ ಚೈತ್ರ ವೈಶಾಖಗಳಲ್ಲಿ ಬಿಸಿಲು ಸುಡುತ್ತದೆ, ಇದನ್ನು ಮುಚ್ಚಿಡಲಾಗದು. ಮೊದಲ ಬೇಸಿಗೆಯಲ್ಲಿ ನಾವು ಮಧ್ಯಾಹ್ನದ ಹೊತ್ತು ಒದ್ದೆ ಪಂಚೆಯನ್ನು ಹೊದ್ದು ನೆಲದ ಮೇಲೆ ಮಲಗುತ್ತಿದ್ದೆವು.

ಮಾವನವರ ಮನೆತನ ದೇವಾಂಗ ನೇಯ್ಗೆಯವರದು. ಸೇಲಂ ಸೀಮೆಯ ದೇವಾಂಗರಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಬಹಳ. ಬನಶಂಕರಿಯಮ್ಮನನ್ನೂ ಚೌಡೇಶ್ವರಿಯನ್ನೂ ತಮ್ಮೊಡನೆ ತಂದು, ಮಗ್ಗವನ್ನೂ ಮಾತನ್ನೂ ಕಾಯ್ದುಕೊಂಡವರು. ನಡುಮನೆಯಲ್ಲಿ ಗುಂಡಿ ಮಗ್ಗದ ಜಾಗವನ್ನು ಮುಚ್ಚಿ ಗಾರೆ ಮಾಡಿದ್ದಾರೆ. ಆದರೂ ಆ ಚೌಕ ಸ್ವಲ್ಪ ತಗ್ಗಿದೆ. ನೆಲ ಒರೆಸಿದಾಗ ನೀರು ಅಲ್ಲಿಯೇ ನಿಲ್ಲುತ್ತದೆ. ಮಾವನವರು ಯೌವನದಲ್ಲಿ ಮೊರಪ್ಪೂರಿನಿಂದ ಧರ್ಮಪುರಿಯ ಮೇಲೆ ಹೊಸೂರಿಗೆ ಓಡುತ್ತಿದ್ದ ಪುಟ್ಟ ರೈಲಿನಲ್ಲಿ ಸೀರೆಯ ಗಂಟನ್ನು ಹೊತ್ತೊಯ್ಯುತ್ತಿದ್ದರಂತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಹಳಿಯನ್ನು ಕಿತ್ತರು. ‘ಹಳಿ ಹೋದ ಮೇಲೆ ಬೆಂಗಳೂರು ದೂರ ಆಯ್ತು’ ಎಂದು ಅವರು ಹೇಳುತ್ತಿದ್ದುದನ್ನು ನಾವೇ ಕೇಳಿದ್ದೇವೆ.

ಕನ್ನಡ ಈ ನೆಲಕ್ಕೆ ನಮ್ಮ ಹದಿನೇಳು ಪೆಟ್ಟಿಗೆಗಳೊಡನೆ ಬಂದುದಲ್ಲ. ಹಳೆಯ ತಗಡೂರು, ಅಂದರೆ ಇಂದಿನ ಧರ್ಮಪುರಿ, ನೊಳಂಬ ಅರಸರ ಕಾಲದಲ್ಲಿ ಕನ್ನಡ ಶಾಸನಗಳನ್ನು ಕಂಡ ಊರು. ಮಹೇಂದ್ರ ನೊಳಂಬನ 9ನೆಯ ಶತಮಾನದ ಕಲ್ಬರಹ ಅಲ್ಲಿ ದೊರೆತಿದೆ. ಮಾರಂಡಹಳ್ಳಿಯಂತಹ ಊರ ಹೆಸರುಗಳು ಇಂದಿಗೂ ಇವೆ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲನ್ನು ಕಂಪನಿಗೆ ಬಿಟ್ಟುಕೊಡುವವರೆಗೂ ಇಲ್ಲಿನ ಕಂದಾಯ ಮೈಸೂರಿಗೆ ಸಲ್ಲುತ್ತಿತ್ತು. ಇದನ್ನು ಹಕ್ಕುಸಾಧನೆಗಾಗಿ ಹೇಳುತ್ತಿಲ್ಲ. ಚರಿತ್ರೆಯ ಮೇಷ್ಟರ ಚಟ, ಓದುಗರು ಮನ್ನಿಸಬೇಕು.

ನೀರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆಯ ಬದಿಯಿಂದ ಇಳಿದು, ಬೆಳ್ಳಂದೂರು ವರ್ತೂರು ಕೆರೆಗಳ ಕೋಡಿಯನ್ನೂ ಕೂಡಿಸಿಕೊಂಡು ಹೊಸೂರಿಗೆ ಬರುವ ದಕ್ಷಿಣ ಪಿನಾಕಿನಿಯೇ ಇಲ್ಲಿ ತೆಂಪೆಣ್ಣೆ. ಕೃಷ್ಣಗಿರಿಯ ಅಣೆಕಟ್ಟನ್ನು ದಾಟಿ ತೀರ್ಥಮಲೆಯ ಸಮೀಪದಲ್ಲಿಯೇ ಹರಿಯುತ್ತದೆ. ಹನುಮಂತನಗರದ ಬಚ್ಚಲ ನೀರಲ್ಲವಾದರೂ ಬೆಂಗಳೂರಿನ ಯಾವನೋ ಒಬ್ಬನ ಬಚ್ಚಲ ನೀರು ನಮಗಿಂತ ಮೊದಲೇ ಈ ತಾಲ್ಲೂಕನ್ನು ಸೇರಿತ್ತು ಎಂದು ನಮ್ಮ ಮನೆಯವರು ಹಾಸ್ಯ ಮಾಡುವುದುಂಟು.

ಆದರೆ ಇಲ್ಲಿನ ನಿಜವಾದ ಸಂಕಟ ನೆಲದೊಳಗಿನ ನೀರಿನದು. ಈ ಜಿಲ್ಲೆಯ ಬಂಡೆಯಲ್ಲಿಯೇ ಫ್ಲೋರೈಡ್ ಇದೆ. ಕೊಳವೆಬಾವಿ ಆಳಕ್ಕಿಳಿದಷ್ಟೂ ಅದು ನೀರಿನಲ್ಲಿ ಕರಗಿ ಬರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕುದಲ್ಲ ಎನ್ನುತ್ತಾರೆ. ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲುಗಳು ಬಿಗಿಯುತ್ತವೆ. ನಮ್ಮ ಭಾವಮೈದುನರು ಪಕ್ಕದ ಮನೆಯಲ್ಲಿಯೇ ಇದ್ದಾರೆ. ಯಾರಾದರೂ ಕರೆದರೆ ಕತ್ತು ತಿರುಗಿಸಲಾರರು, ಇಡೀ ದೇಹವನ್ನೇ ತಿರುಗಿಸಬೇಕು. ಮದುವೆಯಾದ ಹೊಸದರಲ್ಲಿ ಅದನ್ನು ಕಂಡು ಗತ್ತಿನ ಮನುಷ್ಯ ಎಂದು ನಮ್ಮ ಕಡೆಯವರು ಆಡಿಕೊಂಡಿದ್ದರು.

2008ರಲ್ಲಿ ಹೊಗೆನಕಲ್ಲಿನಿಂದ ಕಾವೇರಿಯ ನೀರನ್ನು ಈ ಜಿಲ್ಲೆಗಳಿಗೆ ತರುವ ಯೋಜನೆಗೆ ಶಂಕುಸ್ಥಾಪನೆಯಾದಾಗ ಬೆಂಗಳೂರಿನಲ್ಲಿ ಪ್ರತಿಭಟನೆಗಳು ನಡೆದುದು ಎಲ್ಲರಿಗೂ ನೆನಪಿದೆ. ಪರೀಕ್ಷೆಯ ದಿನಗಳು. ಮೆರವಣಿಗೆ ಬರುತ್ತಿದೆಯೆಂದು ಸುದ್ದಿ ಬಂದಾಗ ನಾವು ಶಾಲೆಯ ಗೇಟನ್ನು ಹಾಕಿಸಿ ಮಕ್ಕಳನ್ನು ಒಳಗೆ ಕೂರಿಸಿಕೊಂಡೆವು. ಘೋಷಣೆಗಳು ಬೀದಿಯುದ್ದಕ್ಕೂ ಹೋದವು. ಆ ಸಂಜೆ ನಮ್ಮ ಮನೆಯವರು ಒಂದೇ ಮಾತು ಆಡಿದರು: ‘ನಮ್ಮಣ್ಣನ ಕತ್ತು ಇವರಿಗೆ ಗೊತ್ತಾ?’ 2013ರಲ್ಲಿ ಆ ನೀರು ಹರಿಯಿತು. ನಾವು ಬಂದಾಗ ನಲ್ಲಿಗೆ ಬರುತ್ತಿತ್ತು, ಪ್ರತಿದಿನವೂ ಅಲ್ಲ. ಕೊಡಗಿನಲ್ಲಿ ಹುಟ್ಟಿದ ನೀರು, ಕನ್ನಡ ಹೆಸರಿನ ಜಲಪಾತದಿಂದ ಹೊರಟು, ಕನ್ನಡ ಮಾತನಾಡುವ ಮನೆಯ ಹಿತ್ತಾಳೆ ಕೊಡವನ್ನು ತುಂಬುತ್ತದೆ. ನದಿಯ ಹಂಚಿಕೆಯ ನ್ಯಾಯಾನ್ಯಾಯಗಳನ್ನು ಬಲ್ಲವರು ಬೇರೆ ಇದ್ದಾರೆ. ಆದರೆ ಕುಡಿಯುವ ನೀರಿನ ಮಾತು ಬಂದಾಗ ನಾವು ಈಗ ಬಾಯಿ ತೆರೆಯುವ ಮೊದಲು ಭಾವಮೈದುನರ ಕಡೆಗೆ ನೋಡುತ್ತೇವೆ.

ಇನ್ನು ಭಾಷೆ. ಬಸ್ಸಿನ ಫಲಕವನ್ನು ಓದಲಾಗದ ಮುಖ್ಯೋಪಾಧ್ಯಾಯನ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಲಿ. ಭಾವಮೈದುನರ ಮೊಮ್ಮಗನಿಗೆ ಆಗ ಒಂಬತ್ತು ವರ್ಷ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಇಂಗ್ಲಿಷ್. ಅವನೊಡನೆ ಒಂದು ಒಪ್ಪಂದವಾಯಿತು: ದಿನಕ್ಕೊಂದು ತಮಿಳು ಅಕ್ಷರಕ್ಕೆ ಪ್ರತಿಯಾಗಿ ದಿನಕ್ಕೊಂದು ಕನ್ನಡ ಅಕ್ಷರ. ಮೊದಲ ವಾರದಲ್ಲಿಯೇ ಅವನು ಮುನಿದನು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ನಾವು ಒಂದು ಕಲಿತು ಮುಂದೆ ಹೋಗುವಷ್ಟರಲ್ಲಿ ಅವನು ನಾಲ್ಕನ್ನು ತಿದ್ದಬೇಕು. ‘ತಾತ, ನಿಮ್ಮದು ಮೋಸ’ ಎಂದನು. ಊರಿನ ಹೆಸರೇ ತಮಿಳಿನಲ್ಲಿ ‘ಅರೂರ್’. ಹಕಾರವನ್ನು ಉಳಿಸಿಕೊಂಡಿರುವವರು ಇಂಗ್ಲಿಷಿನವರು ಮತ್ತು ನಾವು.

ಆದರೆ ನಮಗೂ ಒಂದು ಲಾಭವಾಯಿತು. ಹಳೆಗನ್ನಡದ ೞಕಾರವನ್ನು ನಾವು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದು ವಿವರಿಸಿದ್ದೆವು, ಕಿವಿಯಿಂದ ಕೇಳಿರಲಿಲ್ಲ. ಹರೂರಿನ ಸಂತೆಯಲ್ಲಿ ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ತನ್ನ ಸರಕನ್ನು ಕೂಗಿದಾಗ, ಪಂಪನ ಕಾಲದ ‘ಬಾೞೆ’ಯ ಆ ಅಕ್ಷರ ನಾಲಿಗೆಯ ಮೇಲೆ ಜೀವಂತವಾಗಿ ಬಂದಿತು. ಇಲ್ಲಿ ಎಲ್ಲರೂ ಅದನ್ನು ಸರಿಯಾಗಿ ಉಚ್ಚರಿಸುವುದಿಲ್ಲ, ಆಕೆ ಉಚ್ಚರಿಸಿದಳು. ಅಗತ್ಯವಿಲ್ಲದಿದ್ದರೂ ಎರಡು ಡಜನ್ ಕೊಂಡೆವು. ಪಾಲ್, ಪೂ, ಪುಲಿ, ಪಲ್ ಎಂದು ಕೇಳುತ್ತ ಹೋದಂತೆ ನಮ್ಮ ಹಾಲು, ಹೂವು, ಹುಲಿ, ಹಲ್ಲುಗಳ ಹಳೆಯ ರೂಪಗಳೇ ಬೀದಿಯಲ್ಲಿ ಓಡಾಡಿದಂತಾಗುತ್ತಿತ್ತು. ತೊಡಕುಗಳೂ ಇದ್ದವು. ಈ ಮನೆಯ ಕನ್ನಡದಲ್ಲಿ ‘ಕಡೆ’ ಎಂದರೆ ತಮಿಳಿನಂತೆ ಅಂಗಡಿ. ಬೆಂಗಳೂರಿನಿಂದ ಬಂದ ನಮ್ಮ ಹಳೆಯ ಸಹೋದ್ಯೋಗಿಯೊಬ್ಬರಿಗೆ ದೊಡ್ಡಮ್ಮನವರು ‘ಮೇಷ್ಟ್ರು ಕಡೆಗೆ ಹೋಗವ್ರೆ, ಕೂತ್ಕಳಿ’ ಎಂದಾಗ, ಅವರು ಹಳ್ಳಿಯ ಅರ್ಥದಲ್ಲಿ ತಿಳಿದು ಸಂಕೋಚದಿಂದ ಬೀದಿಗೆ ಬೆನ್ನು ಹಾಕಿ ಕುಳಿತಿದ್ದರು.

2016ರ ಸೆಪ್ಟೆಂಬರಿನ ಕಾವೇರಿ ಗಲಭೆಯ ಸಮಯದಲ್ಲಿ ನಾವು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬೆಂಗಳೂರಿಗೆ ಹೋಗಿದ್ದೆವು. ಹಿಂದಿರುಗುವಾಗ ಬಸ್ಸುಗಳು ಗಡಿ ದಾಟುತ್ತಿರಲಿಲ್ಲ. ಅತ್ತಿಬೆಲೆಯಲ್ಲಿ ಇಳಿದು, ಜೂಜುವಾಡಿಯ ಕಡೆಗೆ ನೂರಾರು ಜನರೊಡನೆ ನಡೆದೆವು. ನಮಗೆ ಕಪ್ಪು ಕನ್ನಡಕ, ನಮ್ಮ ಮನೆಯವರ ಕೈಯಲ್ಲಿ ಚೀಲ. ಪೇದೆಯೊಬ್ಬನು ತಡೆದು ಕೇಳಿದನು, ಎಲ್ಲಿಗೆ? ಮನೆಗೆ ಎಂದೆವು. ಮನೆ ಎಲ್ಲಿ? ಹರೂರು. ‘ತಮಿಳ್ರಾ?’ ‘ಕನ್ನಡ ಮೇಷ್ಟ್ರು’ ಎಂದೆವು. ಅವನು ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ ಚೀಲವನ್ನು ತೆಗೆದುಕೊಂಡು ಗಡಿಯವರೆಗೆ ನಡೆದು ಬಂದನು.

ದೊಡ್ಡಮ್ಮನವರ ಪೆಟ್ಟಿಗೆಯಲ್ಲಿ ಮಾವನವರ ಒಂದು ಲೆಕ್ಕದ ಕಡತವಿತ್ತು. ಮಾವನವರ ತಲೆಮಾರಿನವರು ಕನ್ನಡ ಅಕ್ಷರ ಬಲ್ಲವರು; ಮಕ್ಕಳು ತಮಿಳು ಶಾಲೆಗೆ ಹೋದವರು. ಆದ್ದರಿಂದ ನಲವತ್ತು ವರ್ಷಗಳಿಂದ ಆ ಕಡತವನ್ನು ಪೂಜೆಯ ದಿನ ಕುಂಕುಮ ಹಚ್ಚಿ ಮಡಿಸಿಡುತ್ತಿದ್ದರೇ ಹೊರತು ಓದಿದವರಿಲ್ಲ. ನಾವು ಬಂದ ವರ್ಷದ ದೀಪಾವಳಿಯಲ್ಲಿ ಅದನ್ನು ನಮ್ಮ ಕೈಗೆ ಕೊಟ್ಟರು. ನೂಲಿನ ಲೆಕ್ಕ, ಬಣ್ಣದ ಲೆಕ್ಕ, ಯಾರಿಗೋ ಕೊಟ್ಟ ಮುಂಗಡ, ರೂಪಾಯಿ ಆಣೆ ಪೈಗಳು. ಅವುಗಳ ನಡುವೆ ಒಂದು ಸಾಲು: ಬಹುಧಾನ್ಯ ಸಂವತ್ಸರದ ಆಶ್ವಯುಜದಲ್ಲಿ ಹಿರಿಯ ಮಗಳು ಹುಟ್ಟಿದಳು, ಆ ವಾರ ಮಗ್ಗ ನಿಲ್ಲಿಸಿದೆ. ಬಹುಧಾನ್ಯವೆಂದರೆ 1938. ತಮಗೆ ಎಂಬತ್ತು ದಾಟಿದೆ ಎಂದು ನಂಬಿಕೊಂಡಿದ್ದ ದೊಡ್ಡಮ್ಮನವರಿಗೆ ಆಗ ಎಪ್ಪತ್ತಾರು. ‘ನಾಕೈದು ವರ್ಷ ಉಳೀತು’ ಎಂದು ನಕ್ಕರು. ಆಮೇಲೆ ‘ಮಗ್ಗ ನಿಲ್ಲಿಸ್ದ ಅಂತ ಬರ್ದೈತಾ?’ ಎಂದು ಮತ್ತೆ ಮತ್ತೆ ಓದಿಸಿದರು. ಮಗ್ಗ ನಿಂತರೆ ಅಂದಿನ ಕೂಲಿ ಇಲ್ಲ. ಹೆಣ್ಣುಮಗುವಿಗಾಗಿ ಅಪ್ಪ ಒಂದು ವಾರದ ಕೂಲಿ ಬಿಟ್ಟನೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಅವರು 2019ರಲ್ಲಿ ತೀರಿಕೊಂಡರು. ತಮ್ಮ ಹೆಸರನ್ನು ಕರ್ಮದ ಪತ್ರಿಕೆಯಲ್ಲಿ ‘ಅಪ್ಪನ ಅಕ್ಷರ’ದಲ್ಲಿ ಹಾಕಿಸಬೇಕೆಂದು ಹೇಳಿದ್ದರು. ಊರಿನ ಮುದ್ರಣಾಲಯದವರ ಕಂಪ್ಯೂಟರಿನಲ್ಲಿ ಕನ್ನಡ ಇರಲಿಲ್ಲ. ನಾವು ಬಿಳಿಯ ಹಾಳೆಯ ಮೇಲೆ ಕೈಯಿಂದ ಬರೆದುಕೊಟ್ಟೆವು. ಆ ಹುಡುಗನು ಅದರ ಪಟವನ್ನು ತೆಗೆದು, ತಮಿಳಿನ ಮೇಲ್ಭಾಗದಲ್ಲಿ ಕೂರಿಸಿದನು. ಸೇಲಂನಿಂದ ಬಂದ ನೆಂಟರಲ್ಲಿ ಇಬ್ಬರು ಅದು ತೆಲುಗೇ ಎಂದು ಕೇಳಿದರು. ಅವರು ಕೇಳಿದ್ದು ಕನ್ನಡದಲ್ಲಿಯೇ.

ಮಗನು ಪ್ರತಿ ಬೇಸಿಗೆಯಲ್ಲಿಯೂ ಕರೆಯುತ್ತಾನೆ. ಅವನ ವಾದದಲ್ಲಿ ಹುರುಳಿದೆ. ನಮಗೆ ಎಪ್ಪತ್ತೈದಾಯಿತು, ದೊಡ್ಡ ಆಸ್ಪತ್ರೆಗೆ ಧರ್ಮಪುರಿಗೋ ಸೇಲಂಗೋ ಓಡಬೇಕು, ರಾತ್ರಿಯ ಹೊತ್ತು ಎದೆನೋವು ಬಂದರೆ ನಲವತ್ತು ಕಿಲೋಮೀಟರು ಸಣ್ಣ ದೂರವಲ್ಲ. ನಮ್ಮ ಮನೆಯವರು ‘ನೀವು ಬೇಕಾದ್ರೆ ಹೋಗಿ’ ಎನ್ನುತ್ತಾರೆ. ಇದಕ್ಕೆ ಉತ್ತರ ಕೊಡುವ ಧೈರ್ಯ ಐವತ್ತು ವರ್ಷಗಳ ದಾಂಪತ್ಯದಲ್ಲಿ ನಮಗೆ ಬಂದಿಲ್ಲ.

ಭಾನುವಾರದ ಕನ್ನಡ ಪಾಠ ಹನ್ನೊಂದು ಮಕ್ಕಳಿಂದ ಆರಂಭವಾಯಿತು, ಈಗ ಮೂವರಿದ್ದಾರೆ. 2006ರ ತಮಿಳು ಕಲಿಕಾ ಕಾಯಿದೆ ಹೊಸೂರು ತಾಳವಾಡಿಗಳ ಕನ್ನಡ ಶಾಲೆಗಳನ್ನು ಹೇಗೆ ಮುಟ್ಟಿತೆಂಬುದರ ಚರ್ಚೆ ಸಮ್ಮೇಳನಗಳಲ್ಲಿ ಆಗಿದೆ, ಆಗಲಿ. ನಮ್ಮ ಬೀದಿಯ ಮಕ್ಕಳಿಗೆ ಕನ್ನಡ ಶಾಲೆ ಎಂದರೆ ನಮ್ಮ ಜಗಲಿ. ಒಂಬತ್ತು ವರ್ಷದ ಆ ಹುಡುಗ ಈಗ ಕೊಯಮತ್ತೂರಿನಲ್ಲಿ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಕನ್ನಡದಲ್ಲಿಯೇ ಬರೆಯುತ್ತಾನೆ, ಒತ್ತಕ್ಷರ ತಪ್ಪುತ್ತದೆ. ಮೂವರಲ್ಲಿ ಒಬ್ಬಳು ಚುರುಕು. ಅವಳ ಕೈಗೆ ಮಾವನವರ ಕಡತವನ್ನು ಕೊಟ್ಟಿದ್ದೇವೆ. ಕೊನೆಯ ಹನ್ನೆರಡು ಪುಟಗಳಲ್ಲಿ ಶಾಯಿ ಹರಡಿ, ಪೊರೆ ತೆಗೆಸಿದ ನಮ್ಮ ಕಣ್ಣಿಗೂ ನಿಲುಕದಾಗಿದೆ. ಅವಳು ಕಿಟಕಿಯ ಬಳಿ ಹಾಳೆಯನ್ನು ಬೆಳಕಿಗೆ ಹಿಡಿದು, ಅಕ್ಷರ ಅಕ್ಷರವಾಗಿ ಹೇಳುತ್ತಾಳೆ, ನಾವು ಬರೆದುಕೊಳ್ಳುತ್ತೇವೆ. ಕಳೆದ ಭಾನುವಾರ ಅರ್ಧ ಪುಟವಾಯಿತು. ನೂಲಿನ ಬಾಕಿ ಮೂರು ರೂಪಾಯಿ ಎರಡಾಣೆ, ಯಾರದೆಂದು ಇನ್ನೂ ಓದಲಾಗಿಲ್ಲ.