ಸಾದಾ ಟಿಕಳಿ, ಮ್ಯಾಗ್ನಮ್ ಟಿಕಳಿ

ದೀಪಾವಳಿಗೆಂದು ಟೆಕ್ಸಾಸಿನಿಂದ ಲಕ್ಷ್ಮೇಶ್ವರಕ್ಕೆ ಬಂದಿದ್ದ ಕಾಕಾನ ಅಳಿಯರಾಯರು ಅಲ್ಲಿ ಗ್ಯಾರೇಜಿನಲ್ಲಿ ಕೂತು ತಮ್ಮ ರಿವಾಲ್ವರಿನ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರಂತೆ. ತೋಟಾದ ಬುಡದಲ್ಲಿ ಬಟಾಣಿಗಿಂತ ಸಣ್ಣ ಲೋಹದ ಬಟ್ಟಲು, ಅದೇ ಪ್ರೈಮರ್. ಬಡಿದರೆ ಕಿಡಿ ಕೊಟ್ಟು ಮದ್ದು ಹೊತ್ತಿಸುತ್ತದೆ. ಅದರಲ್ಲೂ ಸಾದಾ, ಮ್ಯಾಗ್ನಮ್ ಎಂದು ಎರಡು ಜಾತಿ. ಮ್ಯಾಗ್ನಮ್‌ನ ಉರಿ ಜೋರು. ನಿಧಾನಕ್ಕೆ ಉರಿಯುವ ಮದ್ದಿಗೆ, ಹಿಮ ಬೀಳುವ ಚಳಿಗೆ ಅದು ಬೇಕು. ಸಾದಾ ಸಾಕಾಗುವಲ್ಲಿ ಅದನ್ನಿಟ್ಟರೆ ಒತ್ತಡ ಏರಿ ಹಳೇ ಲೆಕ್ಕವೆಲ್ಲ ತಲೆಕೆಳಗು. ಮ್ಯಾಗ್ನಮ್ ಎಂಬ ಹೆಸರೇನೋ ಒಂದೂವರೆ ಲೀಟರಿನ ಶಾಂಪೇನ್ ಬಾಟಲಿಯದು ಎಂದಾಗ ಒಳಗಿನಿಂದ ಕಾಕು ಕೆಮ್ಮಿದಳು.

"ನಿಮ್ಮೂರಾಗ ಹಿಮ ಬೀಳ್ತೈತೇನ್ರಿ ಅಳಿಯಾರ?"

"ಅಪರೂಪಕ್ಕ, ಮಾವಾರ."

"ಹಂಗಾದ್ರ ಮ್ಯಾಗ್ನಮ್ ಯಾಕ್ರಿ?"

ಅಳಿಯರಾಯರು ಗಿರಮಿಟ್ಟಿಗೆ ಕೈಹಾಕಿದರು.

ಬೆಟಗೇರಿ ಪೇಟೆಯಲ್ಲಿ ಕೊಂಡ ಕೆಂಪು ಸುರುಳಿ ಟಿಕಳಿ ನನಗೆ ನೆನಪಾಯಿತು. ತಗಡಿನ ಪಿಸ್ತೂಲಿನಲ್ಲಿ ಅರ್ಧಕ್ಕರ್ಧ ಟುಸ್. ಕಟ್ಟೆಯ ಮೇಲಿಟ್ಟು ಕಲ್ಲಿನಿಂದ ಜಜ್ಜಿದರೆ ಒಂದೂ ಹುಸಿಯಾಗುತ್ತಿರಲಿಲ್ಲ. ಈಗಿನ ಪ್ಲಾಸ್ಟಿಕ್ ಉಂಗುರದ ಟಿಕಳಿಗೆ ಸದ್ದು ದೊಡ್ಡದು; ಆ ವಾಸನೆ ಮಾತ್ರ ಇಲ್ಲ.

ಬಡಿದರೆ ಸಿಡಿಯುವ ಮದ್ದನ್ನು ಬಂದೂಕಿಗೆ ತಂದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್. ಅವನು ಬೇಟೆಗೆ ಹೋದರೆ ಚಕಮಕಿ ಬಂದೂಕಿನ ಕಿಡಿ ಕಂಡೇ ಹಕ್ಕಿಗಳು ಹಾರಿಹೋಗುತ್ತಿದ್ದವು. 1807ರಲ್ಲಿ ಪೇಟೆಂಟ್ ಪಡೆದ. ದೇವರ ಸೇವೆಯ ನಡುವೆ ಇದಕ್ಕೆ ಪುರುಸೊತ್ತು ಹೇಗಾಯಿತೋ!

ಕಾಕಾನದೂ ಕೇಪಿನ ಬಂದೂಕೇ. ಬೆಳೆ ಕಾಯಲು ಲೈಸೆನ್ಸ್ ಕೊಟ್ಟ ಸರ್ಕಾರ, ಚುನಾವಣೆ ಬಂತೆಂದರೆ ಠಾಣೆಗೆ ತಂದೊಪ್ಪಿಸಿ ಎನ್ನುತ್ತಿತ್ತು. ಹಂದಿಗಳಿಗೆ ನೀತಿಸಂಹಿತೆ ಇರಲಿಲ್ಲ. ಹೆಗಲಿಗೆ ಬಂದೂಕು ಏರಿಸಿ ಹೊರಟ ಕಾಕಾ ದಾರಿಯುದ್ದಕ್ಕೂ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯರ ಕಥೆ ಹೇಳುತ್ತಿದ್ದ: ಹಮ್ಮಿಗಿಯಲ್ಲಿ ಕೂಡಿಟ್ಟ ಆಯುಧಗಳು ಕಂಪನಿ ಸರ್ಕಾರದ ಕಣ್ಣಿಗೆ ಬಿದ್ದದ್ದು, 1858ರ ಮೇ ತಿಂಗಳಲ್ಲಿ ಡಂಬಳದ ಖಜಾನೆ ಲೂಟಿಯಾದದ್ದು, ಜೂನ್ 1ಕ್ಕೆ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಮಡಿದದ್ದು. ಠಾಣೆ ಬಂದೊಡನೆ ಕಥೆ ನಿಲ್ಲಿಸಿ, ಬಂದೂಕು ಕೊಟ್ಟು, ರಸೀದಿ ಇಸಕೊಂಡು, ಎದುರಿನ ಖಾನಾವಳಿಯಲ್ಲಿ ಚಹಾ ಕುಡಿಯುತ್ತಿದ್ದ.

ಕಾಕಾ ಹೋದ ಮೇಲೆ ಲೈಸೆನ್ಸಿಗಾಗಿ ಓಡಾಡುವವರಿಲ್ಲ, ಗಂಡುಮಕ್ಕಳೆಲ್ಲ ಬೆಂಗಳೂರಿನಲ್ಲಿ. ಹೊಲಕ್ಕೆ ಬ್ಯಾಟರಿಯ ಮೈಕ್ ತಂದಿಟ್ಟಿದ್ದಾರೆ. ರೆಕಾರ್ಡ್ ಮಾಡಿದ ನಾಯಿ ರಾತ್ರಿಯೆಲ್ಲ ಬೊಗಳುತ್ತದೆ. ಮೊದಲ ವಾರ ಹಂದಿಗಳು ಹೆದರಿದವು. ಈಗ ನಮ್ಮೂರಿನ ನಿಜವಾದ ನಾಯಿಗಳಷ್ಟೇ ಅದಕ್ಕೆ ಉತ್ತರ ಕೊಡುತ್ತವೆ.