ಮಾವನ ಮಾಡಿನ ಎರಡು ಹೆಸರು

ಕಾಪು ಪೇಟೆಯಿಂದ ದೀಪಸ್ತಂಭದತ್ತ ಹೋಗುವ ದಾರಿಯಲ್ಲಿ ನಮ್ಮ ಸೋದರಮಾವನ ಮನೆಯಿತ್ತು. 1901ರ ಆ ದೀಪಸ್ತಂಭವನ್ನು ನೋಡಲು ಬರುವವರು ಈ ಮನೆಯತ್ತ ಕಣ್ಣು ಹಾಯಿಸಿದ್ದೂ ಇಲ್ಲ. ಮೊನ್ನೆ ಅದರ ಮಾಡು ಇಳಿಸುವಾಗ ನಾನೂ ಹೋಗಿದ್ದೆ. ಅಂಗಳದಲ್ಲಿ ಹಂಚು ಪೇರಿಸುತ್ತಿದ್ದ ಮೇಸ್ತ್ರಿ, ‘ಇವರೇ, ಇಲ್ಲಿ ಎರಡು ಜಾತಿ ಉಂಟು ನೋಡಿ’ ಎಂದ.

ಚಾವಡಿಯ ಹಂಚಿನ ಅಡಿಯಲ್ಲಿ ‘ಬಾಸೆಲ್ ಮಿಶನ್’ ಎಂಬ ಅಚ್ಚು. ಆಮೇಲೆ ಸೇರಿಸಿದ ಅಡುಗೆಕೋಣೆಯ ಹಂಚಿನಲ್ಲಿ ‘ಕಾಮನ್‌ವೆಲ್ತ್’. ಅಳತೆ ಅದೇ, ಬಣ್ಣವೂ ಅದೇ. ಹೆಸರು ಮಾತ್ರ ಬೇರೆ. ನಡುವೆ ಒಂದು ಮಹಾಯುದ್ಧ ಆಗಿಹೋಗಿತ್ತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಇಲ್ಲಿ ಧರ್ಮಪ್ರಚಾರವನ್ನಷ್ಟೇ ಮಾಡಲಿಲ್ಲ. ಅಚ್ಚುಕೂಟ, ಮಗ್ಗ, ಶಾಲೆ ಎಲ್ಲ ತಂದಿತು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ. ಮುಂದೆ ನಮ್ಮ ಮಲ್ಪೆಯಲ್ಲೂ ಅದರ ಹೊಗೆಗೊಳವೆ ಎದ್ದಿತು. ಮುಳಿಹುಲ್ಲಿನ ಮಾಡುಗಳು ಹೋಗಿ ಕೆಂಪು ಹಂಚು ಬಂದದ್ದು ಹೀಗೆ.

ಮಿಶನ್ನಿನ ಮೂಲಸ್ಥಾನ ಸ್ವಿಟ್ಜರ್‌ಲೆಂಡಿನ ಬಾಸೆಲ್. ಯುದ್ಧದಲ್ಲಿ ಯಾರ ಪಕ್ಷಕ್ಕೂ ಸೇರದ ದೇಶ. ಆದರೆ ಪಾದ್ರಿಗಳಲ್ಲಿ ಬಹಳ ಮಂದಿ ಜರ್ಮನರು. 1914ರಲ್ಲಿ ಯುದ್ಧ ಹೊತ್ತಿಕೊಂಡಾಗ ಇದೇ ಮುಳುವಾಯಿತು. ಕನ್ನಡ, ತುಳು ಕಲಿತು ಇಲ್ಲಿಯವರೇ ಆಗಿದ್ದವರು ಒಮ್ಮೆಲೇ ಶತ್ರುಗಳಾದರು. ಜರ್ಮನರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿದರು. ಅನೇಕರನ್ನು ‘ಗೋಲ್ಕೊಂಡಾ’ ಹಡಗಿನಲ್ಲಿ ಊರಿಗೆ ಅಟ್ಟಿದರು.

ಆಸ್ತಿಯ ಗತಿ ಏನು? ಅದು ತೀರ್ಮಾನವಾದದ್ದು ಫ್ರಾನ್ಸಿನಲ್ಲಿ. 1919ರ ವರ್ಸೇಲ್ಸ್ ಒಪ್ಪಂದದ 438ನೇ ವಿಧಿ, ಜರ್ಮನ್ ಮಿಶನ್‌ಗಳ ಸೊತ್ತನ್ನು ವಿಜಯಿ ರಾಷ್ಟ್ರಗಳು ನೇಮಿಸುವ ಧರ್ಮದರ್ಶಿಗಳಿಗೆ ಒಪ್ಪಿಸಬೇಕೆಂದಿತು. ಜರ್ಮನಿ ತನ್ನ ಹಕ್ಕು ಬಿಟ್ಟುಕೊಡಬೇಕಾಯಿತು. ಬಂಡವಾಳ ನಮ್ಮದು, ನಾವು ಜರ್ಮನರಲ್ಲ ಎಂಬುದು ಸ್ವಿಸ್ಸರ ತಕರಾರು. ಬ್ರಿಟಿಷರು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರ್ಖಾನೆಗಳು ಲಂಡನ್ನಿನ ‘ಕಾಮನ್‌ವೆಲ್ತ್ ಟ್ರಸ್ಟ್’ ಪಾಲಾದವು, ಅಚ್ಚು ಬದಲಾಯಿತು. ಮಣ್ಣು ತುಳಿಯುತ್ತಿದ್ದವರನ್ನು ಯಾರೂ ಕೇಳಿರಲಾರರು. ಅವರು ಆಗಲೂ ಮಣ್ಣನ್ನೇ ತುಳಿದರು!

ಸಂಜೆ ಉಡುಪಿಗೆ ಬಂದು ಮಿಶನ್ ಆಸ್ಪತ್ರೆಯ ಮುಂದೆ ಬಸ್ಸಿಳಿದೆ. 1923ರಲ್ಲಿ ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್ ಆರಂಭಿಸಿದ ಆಸ್ಪತ್ರೆಯಿದು. ಕಾರ್ಖಾನೆ ಕಿತ್ತುಕೊಂಡ ನಾಲ್ಕೇ ವರ್ಷದಲ್ಲಿ ಅದೇ ದೇಶದ ಹೆಂಗಸೊಬ್ಬಳು ಇಲ್ಲಿ ಬಾಣಂತಿಯರ ಆರೈಕೆಗೆ ನಿಂತಿದ್ದಳು. ಮಣಿಪಾಲದ ಗುಡ್ಡ ಆಗಿನ್ನೂ ಬೋಳು. ವೈದ್ಯಕೀಯ ಕಾಲೇಜು ಬಂದದ್ದು 1953ರಲ್ಲಿ. ಕಾರ್ಕಳದ ಕಡೆಯ ಹೆಂಗಸರಿಗೂ ಉಡುಪಿಯೇ ಹತ್ತಿರದ ಆಸರೆಯಾಗಿದ್ದಿರಬೇಕು.

ಹಳೆಯ ಹಂಚಿಗೆ ಈಗ ಗಿರಾಕಿಗಳಿದ್ದಾರಂತೆ, ಸಮುದ್ರ ದಂಡೆಯ ರೆಸಾರ್ಟಿನವರು. ಮಾವ ಎಲ್ಲವನ್ನೂ ಲಾರಿಗೆ ಹಾಕಿಸಿದರು. ‘ಎರಡು ನನಗಿರಲಿ ಮಾವ’ ಎಂದೆ. ‘ಯಾವ ಎರಡು?’ ಎಂದು ಕೇಳಿದರು. ‘ಒಂದೊಂದರಲ್ಲಿ ಒಂದೊಂದು.’ ಅವರು ನಕ್ಕು, ಕಾಗದ ಸುತ್ತಿ ಚೀಲಕ್ಕಿಟ್ಟರು. ಬಸ್ಸಿನಲ್ಲಿ ಕಂಡಕ್ಟರ್ ಚೀಲ ಎತ್ತಿ ನೋಡಿ, ‘ಏನಿದು, ಕಲ್ಲಾ?’ ಎಂದ.