ಕಿಡ್ನಿ ಹಾಕಿಸ್ಕೊಂಡೋರ ಮನ್ಯಾಗ ಎಣ್ಣಿ-ತುಪ್ಪದ ಲೆಕ್ಕ

ಸಿರುಗುಪ್ಪದಾಗಿರೋ ನನ್ನ ತಂಗಿಗೆ ಕಿಡ್ನಿ ಹಾಕಿ ಮೂರು ವರ್ಷ ಆತು. ಕೊಟ್ಟಾಕಿ ನಮ್ಮವ್ವ. ಹೋದ ತಿಂಗಳು ಬಳ್ಳಾರಿಗೆ ಬಂದು ರಕ್ತ ಪರೀಕ್ಷೆ ಮಾಡಿಸಿದ್ಲು. ಕ್ರಿಯಾಟಿನಿನ್ ಚೆನ್ನಾಗೇ ಐತಿ, ಆದ್ರ ಕೆಟ್ಟ ಕೊಲೆಸ್ಟ್ರಾಲು 168, ಟ್ರೈಗ್ಲಿಸರೈಡ್ 290 ಬಂತು. ಕೇಳಿದೋರೆಲ್ಲ "ಬಾಯಿ ಕಟ್ಟಂಗಿಲ್ಲ ಬಿಡು ಅಕಿ" ಅಂದ್ರು. ಆ ಮಾತು ಸರಿ ಅಲ್ಲ ಅಂತ ಹೇಳಾಕ ಇದನ್ನ ಬರಿಯಾಕತ್ತೀನಿ.

ಹೊಸ ಕಿಡ್ನಿನ ಮೈ ಹೊರಗಿಂದು ಅಂತ ತಿರಸ್ಕಾರ ಮಾಡಬಾರದಲ್ಲ, ಅದಕ್ಕ ದಿನಾ ಗುಳಿಗಿ ನುಂಗಬೇಕು. ಆ ಗುಳಿಗಿನೇ ಕೊಬ್ಬು ಏರಸ್ತಾವು. ಪ್ರೆಡ್ನಿಸೊಲೋನ್ ಹಸಿವು, ತೂಕ, ಸಕ್ಕರಿ ಎಲ್ಲಾ ಏರಸ್ತೈತಿ. ಸೈಕ್ಲೋಸ್ಪೋರಿನ್, ಸಿರೋಲಿಮಸ್‌ನಾಗ ಕೊಬ್ಬು ಇನ್ನೂ ಜಾಸ್ತಿ, ಟ್ಯಾಕ್ರೋಲಿಮಸ್‌ನಾಗ ಸ್ವಲ್ಪ ಕಡಿಮಿ. ಹಂಗಂತ ಗುಳಿಗಿ ಬಿಟ್ರ ಕಿಡ್ನಿನೇ ಹೋಗ್ತೈತಿ. ಕೊಬ್ಬನ್ನ ಹಂಗೇ ಬಿಟ್ರ ಹೃದಯದ ರಕ್ತನಾಳ ಕಟ್ಕೊಂತಾವು. ಹಾಕಿದ ಕಿಡ್ನಿ ನೆಟ್ಟಗಿದ್ರೂ ಹೃದಯದ ಕಾಯಿಲಿಗೆ ಜೀವ ಹೋಗೋರು ಬಾಳ ಮಂದಿ.

ಡಾಕ್ಟ್ರು ಅಟೊರ್ವಾಸ್ಟಾಟಿನ್ ಬರದ್ರು. "ಇಷ್ಟು ಗುಳಿಗ್ಯಾಗ ಇದೊಂದು ಬ್ಯಾರೆ ಯಾಕ, ಕಿಡ್ನಿಗೆ ಕೇಡು" ಅಂದ್ರು ಪಕ್ಕದ ಮನಿಯೋರು. 2003ರಾಗ ಅಲರ್ಟ್ ಅನ್ನೋ ಅಧ್ಯಯನ ಪ್ರಕಟ ಆತು. ಕಿಡ್ನಿ ಹಾಕಿಸ್ಕೊಂಡ 2,102 ಮಂದ್ಯಾಗ ಅರ್ಧ ಮಂದಿಗೆ ಇದೇ ಜಾತಿಯ ಫ್ಲೂವಾಸ್ಟಾಟಿನ್ ಕೊಟ್ಟು ನೋಡಿದ್ರು. ಅವ್ರಾಗ ಹೃದಯಾಘಾತ, ಹೃದಯದಿಂದ ಸಾವು ಕಡಿಮಿ ಕಂಡವು, ಕಿಡ್ನಿಗೆ ಕೇಡಾಗಲಿಲ್ಲ. ಆದ್ರ ಸೈಕ್ಲೋಸ್ಪೋರಿನ್ ಜೋಡಿ ಈ ಗುಳಿಗಿ ಜಾಸ್ತಿ ಆದ್ರ ಮಾಂಸಖಂಡಕ್ಕ ಪೆಟ್ಟು. ಕೈಕಾಲು ವಿಪರೀತ ನೋವು, ಉಚ್ಚಿ ಕಂದು ಬಣ್ಣ ಆದ್ರ ಅವತ್ತೇ ಡಾಕ್ಟರಿಗೆ ಹೇಳಬೇಕು. ಅಂಗಡ್ಯಾಗ ಕೇಳಿ ಗುಳಿಗಿ ತಗೊಳ್ಳೋದು, ಯಾರೋ ಹೇಳಿದ ಕಷಾಯ ಕುಡಿಯೋದು ಬ್ಯಾಡ. ಚಕ್ಕೋತ ಹಣ್ಣೂ ಬ್ಯಾಡ, ಅದು ರಕ್ತದಾಗ ಟ್ಯಾಕ್ರೋಲಿಮಸ್ ಏರಸ್ತೈತಿ.

ಇನ್ನ ಅಡಿಗಿ ಮನಿ. ಡಯಾಲಿಸಿಸ್ ಇದ್ದಾಗ ಬಾಳೆಹಣ್ಣು ಬ್ಯಾಡ, ಎಳನೀರು ಬ್ಯಾಡ, ನೀರೂ ಅಳತಿ ಮ್ಯಾಲೆ. ಈಗ ಎಲ್ಲಾ ತಿನ್ನಬಹುದು ಅಂತ ಕುರುಗೋಡಿನ ಅತ್ತಿ ಹೋಳಿಗಿ ಮ್ಯಾಲೆ ತುಪ್ಪ ಸುರದು "ಕೂಸು ಎಷ್ಟು ದಿನ ಬಾಯಿ ಕಟ್ಟಿತ್ತು" ಅಂತಾಳ. ಪ್ರೀತಿನೇ ಅದು, ಆದ್ರ ಅಳತಿ ಇರಲಿ. ಟ್ರೈಗ್ಲಿಸರೈಡ್ ಏರಾಕ ಎಣ್ಣಿನೇ ಬೇಕಂತಿಲ್ಲ, ಸಿಹಿ, ಮೂರು ಹೊತ್ತು ಬಿಳಿ ಅನ್ನ ಸಾಕು. ಸಿರುಗುಪ್ಪದಾಗ ನೆಲ್ಲು ಬೆಳಿಯೋ ಮನಿಯೋರಿಗೆ ಅನ್ನ ಕಡಿಮಿ ಮಾಡು ಅನ್ನೋದು ಕಷ್ಟ. ಅದಕ್ಕ ಒಂದು ಹೊತ್ತು ಅನ್ನ, ಇನ್ನೊಂದು ಹೊತ್ತು ಜೋಳದ ರೊಟ್ಟಿ, ಕಾಳು ಪಲ್ಯ ಮಾಡೀವಿ. ಎಣ್ಣಿ ತಲಿಗೆ ತಿಂಗಳಿಗೆ ಅರ್ಧ ಲೀಟರ್. ಒಗ್ಗಾಣಿ ಐತಿ, ಮಿರ್ಚಿ ಇಲ್ಲ. ಅಕಿಗೊಂದು, ನಮಗೊಂದು ಅಡಿಗಿ ಮಾಡಂಗಿಲ್ಲ, ಎಲ್ಲಾರಿಗೂ ಒಂದೇ. ಒಂದೇ ಕಿಡ್ನಿ ಮ್ಯಾಲೆ ಇರೋ ನಮ್ಮವ್ವಗೂ ಅದೇ ಊಟ ಚೆಂದ.

ನೋಡಾಕ ಬರೋರು ಮೈಸೂರು ಪಾಕು ತರಬ್ಯಾಡ್ರಿ. ಸಂಜಿ ಮುಂದ ಬಂದು ಅಕಿ ಜೋಡಿ ಅರ್ಧ ತಾಸು ಅಡ್ಡಾಡ್ರಿ, ಮಾತಾಡ್ಕೊಂತ.